ಮಣಿಕಟ್ಟು ಸೊಟ್ಟಗಿದ್ದರೆ ಗುದ್ದು ನಮಗೇ!

ಅಂದು ಬೆಳಿಗ್ಗೆ ಕ್ಲಾಸಿನಲ್ಲಿ ಪೆನ್ನಿನ ಕ್ಯಾಪ್ ತೆಗೆಯಲು ನನ್ನಿಂದ ಆಗಲಿಲ್ಲ. ಹಿಡಿದು ಎಳೆದರೆ ಬಲಗೈ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಚಳಕ್ಕೆಂದು ನೋವು ಹರಿಯಿತು. ಪಕ್ಕದಲ್ಲಿದ್ದ ಗೆಳೆಯ ನಕ್ಕು, ‘ಏನಲೇ ಬಾಕ್ಸರ್, ಪೆನ್ನಿನ ಕೂಡ ಕುಸ್ತಿ ಹಿಡದೀ ಏನ?’ ಎಂದ. ನಾನೂ ನಕ್ಕೆ. ಹಿಂದಿನ ಸಂಜೆಯಷ್ಟೇ ಪಂಚಿಂಗ್ ಬ್ಯಾಗಿಗೆ ನನ್ನ ಜೀವನದ ಅತಿ ಜೋರಿನ ಗುದ್ದು ಹೊಡೆದಿದ್ದೆ. ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ಆ ಗುದ್ದಿನ ದೊಡ್ಡ ಪಾಲು ಬ್ಯಾಗಿಗೆ ಹೋಗದೆ ನನ್ನ ಮಣಿಕಟ್ಟಿಗೇ ಬಿದ್ದಿದೆ ಎಂದು ಒಪ್ಪಿಕೊಳ್ಳಲು ಮತ್ತೆ ಎಂಟು ದಿನ ಬೇಕಾಯಿತು.

ಬಾಕ್ಸಿಂಗ್ ಎಂದರೆ ನಮ್ಮ ವಯಸ್ಸಿನವರ ಕಣ್ಣ ಮುಂದೆ ಬರುವುದು ಮುಷ್ಟಿ, ತೋಳು, ಬೆವರು. ಮಣಿಕಟ್ಟು ಯಾರಿಗೂ ನೆನಪಾಗುವುದಿಲ್ಲ. ನನಗೂ ನೆನಪಾಗಿರಲಿಲ್ಲ. ಅದು ತಾನಾಗಿಯೇ ನೆನಪು ಮಾಡಿಕೊಟ್ಟ ಕಥೆ ಇದು.

ಬೇವಿನ ಮರದ ಚೀಲ

ನಮ್ಮೂರು ಬಸವನಬಾಗೇವಾಡಿ ಸೀಮೆಯ ಮಸೂತಿ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರದ ನೆರೆಯ ಊರು ಎಂದರೆ ಬೇಗ ಗೊತ್ತಾಗುತ್ತದೆ. ನಮ್ಮ ಕಡೆಯ ಹುಡುಗರಿಗೆ ಕುಸ್ತಿ ಗೊತ್ತು, ಕಬಡ್ಡಿ ಗೊತ್ತು, ಜಾತ್ರೆಯಲ್ಲಿ ಭಾರದ ಕಲ್ಲು ಎತ್ತುವುದು ಗೊತ್ತು. ಬಾಕ್ಸಿಂಗ್ ಮಾತ್ರ ನಮಗೆ ಬಂದಿದ್ದು ಮೊಬೈಲಿನಿಂದ. ಪಿಯುಸಿ ಮುಗಿದ ರಜೆಯಲ್ಲಿ ಡಿಎಪಿ ಗೊಬ್ಬರದ ಖಾಲಿ ಚೀಲಕ್ಕೆ ಉಸುಕು ತುಂಬಿ, ಹೊಲದ ಬದುವಿನ ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿದೆ. ಅದೇ ನನ್ನ ಮೊದಲ ಪಂಚಿಂಗ್ ಬ್ಯಾಗ್. ಗ್ಲೌಸ್ ಇಲ್ಲ, ಪಟ್ಟಿ ಇಲ್ಲ, ಕಲಿಸುವವರಿಲ್ಲ. ಗೆಣ್ಣು ಕಿತ್ತು ರಕ್ತ ಬಂದರೆ ಅದೇ ಸಾಧನೆ.

ಕಾಕಾನ ಮಗ ನನಗಿಂತ ಎರಡು ವರ್ಷ ಚಿಕ್ಕವನು. ಅಗ್ನಿವೀರ್ ಆಗಬೇಕೆಂದು ದಿನಾ ನಸುಕಿನಲ್ಲಿ ಓಡುತ್ತಾನೆ. ನಾನು ಚೀಲ ಕಟ್ಟಿದ ಮೇಲೆ ಅವನೂ ಬರತೊಡಗಿದ. ‘ಅಣ್ಣಾ, ಕೈ ಹೆಂಗ ಹಿಡೀಬೇಕು?’ ಎಂದು ಕೇಳಿದ್ದ. ‘ಹೆಂಗರ ಹಿಡಿ, ಜೋರ್ ಇರ್ಬೇಕು ಅಷ್ಟ’ ಎಂದಿದ್ದೆ. ಈ ಮಾತನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತೇನೆ.

ಬಿಇ ಸಿವಿಲ್ ಓದಲು ವಿಜಯಪುರಕ್ಕೆ ಬಂದೆ. ಅಲ್ಲಿ ಸಂಜೆ ಬಾಕ್ಸಿಂಗ್ ಹೇಳಿಕೊಡುವ ಕೋಚ್ ಒಬ್ಬರು ಸಿಕ್ಕರು. ಸೇನೆಯಲ್ಲಿದ್ದಾಗ ಕಲಿತವರು, ಈಗ ನಿವೃತ್ತರು. ಮೊದಲ ಎರಡು ತಿಂಗಳು ನಮಗೆ ಬ್ಯಾಗ್ ಮುಟ್ಟಲು ಬಿಡಲಿಲ್ಲ. ನಿಲ್ಲುವುದು, ಹೆಜ್ಜೆ ಹಾಕುವುದು, ಗಾಳಿಗೆ ನಿಧಾನವಾಗಿ ಗುದ್ದುವುದು, ಇಷ್ಟೇ. ನನಗೆ ಬೇಸರ. ಬೇವಿನ ಮರದ ಚೀಲ ಗುದ್ದಿ ಬಂದವನು ನಾನು, ಇದೆಲ್ಲ ಹೊಸಬರಿಗೆ ಎಂದುಕೊಂಡೆ. ಅವರು ಅತ್ತ ತಿರುಗಿದಾಗ ಇತ್ತ ಬ್ಯಾಗಿಗೆ ನಾಲ್ಕು ಗುದ್ದು ಹೊಡೆಯುವುದು ನನ್ನ ರೂಢಿಯಾಯಿತು. ಹಾಗೆ ಕದ್ದು ಹೊಡೆದ ಒಂದು ಗುದ್ದಿನಲ್ಲೇ ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತು.

ನೀರಿನ ಬಾಟಲಿ ಹೇಳಿದ ಸತ್ಯ

ಮೂರು ವಾರದಲ್ಲಿ ಅಂತರ ಕಾಲೇಜು ಸ್ಪರ್ಧೆಗೆ ಆಯ್ಕೆ ಇತ್ತು. ಹಾಗಾಗಿ ನೋವನ್ನು ಯಾರಿಗೂ ಹೇಳಲಿಲ್ಲ. ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚಿದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ ಮೇಲೆ ಫುಲ್ ತೋಳಿನ ಅಂಗಿ ಹಾಕಿದೆ. ಮನೆಗೆ ಫೋನ್ ಮಾಡಿದಾಗ ‘ಆರಾಮ್ ಅದೀನಿ ಅವ್ವಾ’ ಎಂದೆ. ಅಪ್ಪ ಫೀಸಿಗೆ ದುಡ್ಡು ಹೊಂದಿಸಿದ್ದು ನನಗೆ ಗೊತ್ತು. ಓದಲು ಕಳಿಸಿದ ಮಗ ಗುದ್ದಾಡಿ ಕೈ ಮುರಿದುಕೊಂಡ ಎಂದು ಅವರ ಕಿವಿಗೆ ಬೀಳಬಾರದು ಎಂಬುದೇ ನೋವಿಗಿಂತ ದೊಡ್ಡ ಚಿಂತೆಯಾಗಿತ್ತು.

ಎಂಟನೇ ದಿನ ಕೋಚ್ ಸರ್ ನನ್ನನ್ನೇ ನೋಡುತ್ತ ನಿಂತಿದ್ದರು.

‘ತಮ್ಮಾ, ನೀರಿನ ಬಾಟ್ಲಿ ಯಾಕ ಎಡಗೈಲೆ ಹಿಡದೀ?’

‘ಸುಮ್ನ ಸರ್.’

‘ಬಲಗೈ ಕೊಡು.’

ಕೊಟ್ಟೆ. ಅವರು ಜೋರಾಗಿ ಒತ್ತಲೂ ಇಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ಅವರು ಬೈಯಲಿಲ್ಲ. ‘ನೀ ಇಷ್ಟ ದಿನ ಬ್ಯಾಗಿಗಿ ಹೊಡಿಲಾಕತ್ತಿಲ್ಲ, ನಿನ್ನ ಮುಂಗೈಗೇ ಹೊಡಿಲಾಕತ್ತೀದಿ’ ಎಂದು ಹೇಳಿ, ತಮ್ಮ ಗಾಡಿಯ ಮೇಲೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರ್ ನನಗೆ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿದರು. ಆಗ ಅದರ ಬುಡದಲ್ಲಿ ಎರಡು ನರದಂಥ ಗೆರೆಗಳ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ. ನೀವೂ ಈಗಲೇ ಮಾಡಿ ನೋಡಿ. ಆ ಕುಳಿಯ ತಳದಲ್ಲಿ ಸ್ಕೇಫಾಯ್ಡ್ ಎಂಬ ಗೋಡಂಬಿಯಂಥ ಪುಟ್ಟ ಎಲುಬಿದೆ. ಅಲ್ಲಿ ಒತ್ತಿದಾಗ ನಾನು ಕುರ್ಚಿಯಿಂದ ಏಳುವಂತಾಯಿತು. ಎಕ್ಸ್‌ರೇಯಲ್ಲಿ ಮಾತ್ರ ಏನೂ ಕಾಣಲಿಲ್ಲ. ನಾನು ಉಸಿರು ಬಿಟ್ಟೆ. ಡಾಕ್ಟರ್ ಬಿಡಲಿಲ್ಲ. ಈ ಎಲುಬಿನ ಬಿರುಕು ಮೊದಲ ದಿನಗಳ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಇದಕ್ಕೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಇನ್ನೊಂದು ತುದಿಗೆ ರಕ್ತ ಸಿಗದೆ, ಎಲುಬು ಕೂಡಿಕೊಳ್ಳದೇ ಉಳಿಯುವ ಅಪಾಯವಿದೆ. ಅದಕ್ಕೇ ಎರಡು ವಾರ ಹೆಬ್ಬೆರಳು ಸಮೇತ ಸ್ಪ್ಲಿಂಟ್, ಆಮೇಲೆ ಮತ್ತೊಂದು ಎಕ್ಸ್‌ರೇ ಎಂದರು.

ಅಲ್ಲಿಗೆ ಆಯ್ಕೆ ಕೈತಪ್ಪಿತು. ಅದೇ ವಾರ ಇಂಟರ್ನಲ್ಸ್ ಇತ್ತು. ಸ್ಪ್ಲಿಂಟಿನ ಕೈಯಲ್ಲಿ ತೋರುಬೆರಳು, ನಡುಬೆರಳಿನ ನಡುವೆ ಪೆನ್ನು ಸಿಕ್ಕಿಸಿಕೊಂಡು ಬರೆದೆ. ಗೊತ್ತಿದ್ದ ಉತ್ತರಗಳನ್ನೂ ಮುಗಿಸಲಾಗಲಿಲ್ಲ. ಊರಿಗೆ ಹೋದಾಗ ಆಯಿ ಕೈ ತಿಕ್ಕುವವರ ಹತ್ತಿರ ಕರೆದೊಯ್ಯಲು ಹೊರಟಿದ್ದಳು. ಮುರಿದಿದೆಯೋ ಇಲ್ಲವೋ ಗೊತ್ತಾಗದ ಎಲುಬನ್ನು ತಿಕ್ಕಿಸಬಾರದು ಎಂದು ಅವಳನ್ನು ಒಪ್ಪಿಸುವುದರಲ್ಲಿ ಸಾಕಾಯಿತು. ಅಪ್ಪ ಕೈಯನ್ನೇ ಸ್ವಲ್ಪ ಹೊತ್ತು ನೋಡಿ ಒಂದೇ ಮಾತು ಹೇಳಿದರು: ‘ಪೆಟ್ಟ ಹತ್ತಿದ್ದಕ್ಕ ಸಿಟ್ಟಿಲ್ಲ. ಮುಚ್ಚಿಟ್ಟೆಲ್ಲ, ಅದಕ್ಕ ಸಿಟ್ಟು.’

ಎರಡನೇ ಎಕ್ಸ್‌ರೇಯಲ್ಲೂ ಬಿರುಕು ಇರಲಿಲ್ಲ. ಅಸ್ಥಿರಜ್ಜು ಉಳುಕಿತ್ತು ಅಷ್ಟೆ. ಆದರೂ ಮತ್ತೆ ಒಂದು ತಿಂಗಳು ಬ್ಯಾಗ್ ಮುಟ್ಟುವಂತಿರಲಿಲ್ಲ. ಆ ಬಿಡುವಿನಲ್ಲಿಯೇ ನಾನು ಗುದ್ದುವುದನ್ನು ನಿಜವಾಗಿ ಕಲಿತಿದ್ದು.

ಪಠ್ಯದಲ್ಲಿದ್ದ ಪಾಠ

ಸಿವಿಲ್ ಓದುವವರಿಗೆ ಗೊತ್ತಿರುತ್ತದೆ: ಕಂಬದ ನಟ್ಟನಡುವೆ ಭಾರ ಬಿದ್ದರೆ ಅದು ನೇರವಾಗಿ ಬುಡಕ್ಕೆ ಇಳಿಯುತ್ತದೆ. ಅದೇ ಭಾರ ಸ್ವಲ್ಪ ಪಕ್ಕಕ್ಕೆ ಬಿದ್ದರೆ ಕಂಬ ಬಾಗಲು ನೋಡುತ್ತದೆ. ಬಾಗಿಸುವ ಶಕ್ತಿ ಎಂದರೆ ಬಲವನ್ನು ನಡುಗೆರೆಯಿಂದ ಅದು ಇರುವ ದೂರದಿಂದ ಗುಣಿಸಿದ್ದು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪರೀಕ್ಷೆಯಲ್ಲಿ ಈ ಲೆಕ್ಕ ಬಿಡಿಸಿ ಅಂಕ ತೆಗೆದುಕೊಂಡವನು ನಾನು. ಸ್ವಂತ ಕೈಗೆ ಅದನ್ನು ಹಚ್ಚಿ ನೋಡಿರಲಿಲ್ಲ.

ಗುದ್ದಿನ ಬಲ ಎಷ್ಟಿರುತ್ತದೆ? 2000ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಬಾಕ್ಸರ್‌ಗಳ ಹಿಂದಿನ ಕೈಯ ನೇರ ಗುದ್ದನ್ನು ಅಳೆದಿದ್ದರು. ಹೊಸಬರದು ಸರಾಸರಿ ಸುಮಾರು 2,400 ನ್ಯೂಟನ್, ನುರಿತವರದು ಸುಮಾರು 4,800 ನ್ಯೂಟನ್. ಹೊಸಬರದ್ದನ್ನೇ ತೆಗೆದುಕೊಳ್ಳೋಣ. 2,400 ನ್ಯೂಟನ್ ಎಂದರೆ ಸುಮಾರು 240 ಕೆ.ಜಿ. ಭಾರ. 50 ಕೆ.ಜಿ.ಯ ಡಿಎಪಿ ಚೀಲ ಹೆಚ್ಚುಕಡಿಮೆ ಐದು! ಕ್ಷಣದ ಸಣ್ಣ ತುಣುಕಿನಷ್ಟು ಹೊತ್ತು ಮಾತ್ರ, ನಿಜ. ಆದರೆ ನಾವು ಬ್ಯಾಗಿಗೆ ಎಷ್ಟು ಕೊಡುತ್ತೇವೋ ಬ್ಯಾಗ್ ನಮಗೆ ಅಷ್ಟೇ ತಿರುಗಿಸಿ ಕೊಡುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಹೈಸ್ಕೂಲಿನಲ್ಲೇ ಓದಿದ್ದೇವಲ್ಲ.

ಮಣಿಕಟ್ಟು ನೇರವಾಗಿದ್ದರೆ ಆ ಬಲ ಮುಂದೋಳಿನ ಎಲುಬಿನುದ್ದಕ್ಕೆ ಹಾದು ಭುಜ, ಸೊಂಟ, ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ. ಮಣಿಕಟ್ಟು ಬಾಗಿ ಆ ಬಲದ ಗೆರೆ ಬರೀ 2 ಸೆಂ.ಮೀ. ಪಕ್ಕಕ್ಕೆ ಸರಿಯಿತು ಎನ್ನಿ. 2,400 ನ್ಯೂಟನ್ನನ್ನು 0.02 ಮೀಟರಿನಿಂದ ಗುಣಿಸಿದರೆ 48 ನ್ಯೂಟನ್ ಮೀಟರ್. ಒಂದು ಅಡಿ ಉದ್ದದ ಪಾನಾ ಹಿಡಿದು ಅದರ ತುದಿಗೆ 16 ಕೆ.ಜಿ. ಭಾರ ಹಾಕಿ ನಟ್ಟು ತಿರುಗಿಸಿದಂತೆ. ಇಲ್ಲಿ ನಟ್ಟು ಎಂದರೆ ನಮ್ಮ ಮಣಿಕಟ್ಟು!

ನಮ್ಮೂರಿನಿಂದ ಕಾಣುವ ಕೂಡಗಿಯ ಚಿಮಣಿಗಳನ್ನು ನೋಡಿದಾಗಲೆಲ್ಲ ಈಗ ಇದೇ ನೆನಪಾಗುತ್ತದೆ. ಅಷ್ಟು ಭಾರ ಹೊತ್ತರೂ ಅವು ನೇರ ನಿಂತಿವೆ, ಅದಕ್ಕೇ ನಿಂತಿವೆ.

ಕೈಯೊಳಗೆ ಏನಿದೆ?

ಒಂದು ಕೈಯಲ್ಲಿ 27 ಎಲುಬುಗಳಿವೆ. ಅವುಗಳಲ್ಲಿ ಎಂಟು ಮಣಿಕಟ್ಟಿನಲ್ಲೇ, ಎರಡು ಸಾಲಿನಲ್ಲಿ, ಬೆಣಚುಕಲ್ಲು ಜೋಡಿಸಿಟ್ಟಂತೆ ಕೂತಿವೆ. ಕೈ ಎಲ್ಲ ಕಡೆ ತಿರುಗಲು ಇದು ಬೇಕು. ಆದರೆ ಎಲ್ಲ ಕಡೆ ತಿರುಗುವುದು ಎಲ್ಲ ಕಡೆ ಮಡಚಿಕೊಳ್ಳಲೂಬಹುದು.

ಮುಂದೋಳಿನಲ್ಲಿ ಎರಡು ಎಲುಬು. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಮಣಿಕಟ್ಟಿನ ಮೂಲಕ ಬರುವ ಭಾರದಲ್ಲಿ ಸುಮಾರು ಶೇ 80ರಷ್ಟನ್ನು ರೇಡಿಯಸ್ ಹೊರುತ್ತದೆ. ತೋರುಬೆರಳು, ನಡುಬೆರಳುಗಳ ಗೆಣ್ಣು ಅದರ ನೇರಕ್ಕಿವೆ. ಇನ್ನೊಂದು ವಿಷಯ: ನಿಮ್ಮ ಎಡಗೈಯಿಂದ ಬಲ ಅಂಗೈಯ ಒಂದೊಂದು ಗೆಣ್ಣನ್ನೇ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ತೋರುಬೆರಳು, ನಡುಬೆರಳಿನವು ಅಲುಗುವುದೇ ಇಲ್ಲ. ಉಂಗುರ ಬೆರಳು, ಕಿರುಬೆರಳಿನವು ಸಲೀಸಾಗಿ ಅಲುಗುತ್ತವೆ. ಅಲುಗದ ಎರಡು ಗೆಣ್ಣುಗಳಿಂದ ಗುದ್ದಬೇಕು ಎಂದು ಕೋಚ್‌ಗಳು ಹೇಳುವುದು ಇದಕ್ಕೇ.

ಕಿರುಬೆರಳಿನ ಗೆಣ್ಣಿನ ಹಿಂದೆ ಎಲುಬು ಮುರಿದರೆ ಅದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಹೆಸರು ಬಾಕ್ಸರ್‌ಗಳದ್ದಾದರೂ ಇದು ಹೆಚ್ಚಾಗಿ ಆಗುವುದು ಗುದ್ದಲು ಕಲಿಯದವರಿಗೆ. ಸಿಟ್ಟು ಬಂದು ಹಾಸ್ಟೆಲ್ ಗೋಡೆಗೆ, ಬಾಗಿಲಿಗೆ ಗುದ್ದುವವರು ಇದ್ದಾರಲ್ಲ, ಅವರಿಗೆ! ಗೋಡೆಗೆ ಏನೂ ಆಗುವುದಿಲ್ಲ.

ಕಲಿತವರು ಸಂಪೂರ್ಣ ಪಾರಾಗುತ್ತಾರೆ ಎಂದೂ ಅಲ್ಲ. ಬ್ರಿಟನ್ನಿನ ಒಲಿಂಪಿಕ್ ಬಾಕ್ಸಿಂಗ್ ತಂಡದ ಕೈ ಮತ್ತು ಮಣಿಕಟ್ಟಿನ ಗಾಯಗಳನ್ನು 2005ರಿಂದ 2012ರವರೆಗೆ ದಾಖಲಿಸಿ ನೋಡಿದಾಗ, ಅಂಗೈ ಎಲುಬುಗಳು ಮಣಿಕಟ್ಟಿಗೆ ಕೂಡುವ ಜಾಗ ಸಡಿಲವಾಗುವುದು ಮತ್ತು ಗೆಣ್ಣಿನ ಗಾಯ ಮುಂಚೂಣಿಯಲ್ಲಿದ್ದವು. ಅಭ್ಯಾಸಕ್ಕಿಂತ ಸ್ಪರ್ಧೆಯಲ್ಲಿ ಗಾಯದ ಪ್ರಮಾಣ ಬಹಳ ಹೆಚ್ಚಿತ್ತು. ಅಂಥ ತಂಡದವರಿಗೇ ಹೀಗಾದರೆ, ಗೊಬ್ಬರದ ಚೀಲ ಗುದ್ದುವ ನಾವು ಯಾವ ಲೆಕ್ಕ?

ಮುಷ್ಟಿ ಕಟ್ಟುವುದು, ಸ್ಕೇಲ್ ಇಡುವುದು

ಸ್ಪ್ಲಿಂಟ್ ಬಿಚ್ಚಿದ ಮೇಲೆ ಕೋಚ್ ಸರ್ ನನ್ನನ್ನು ಒಂದನೇ ಕ್ಲಾಸಿನ ಹುಡುಗನಂತೆ ಕೂರಿಸಿಕೊಂಡು ಮುಷ್ಟಿ ಕಟ್ಟಿಸಿದರು. ಮೊದಲು ನಾಲ್ಕು ಬೆರಳುಗಳನ್ನು ತುದಿಯಿಂದ ಸುರುಳಿಯಾಗಿ ಅಂಗೈಯೊಳಗೆ ಮಡಚಬೇಕು. ಹೆಬ್ಬೆರಳು ಹೊರಗೆ, ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡಲಾಗಿ ಕೂರಬೇಕು. ಹೆಬ್ಬೆರಳನ್ನು ಬೆರಳುಗಳ ಒಳಗೆ ಮುಚ್ಚಿಟ್ಟು ಗುದ್ದಿದರೆ ಪೆಟ್ಟು ಅದಕ್ಕೇ.

ನಂತರ ನನ್ನ ಬ್ಯಾಗಿನಿಂದ 30 ಸೆಂ.ಮೀ.ನ ಸ್ಟೀಲ್ ಸ್ಕೇಲ್ ತೆಗೆಸಿದರು. ಕೈ ಮುಂದೆ ಚಾಚಿ, ಅಂಗೈ ಕೆಳಗೆ ಬರುವಂತೆ ಮುಷ್ಟಿ ಹಿಡಿದು, ಗೆಣ್ಣಿನಿಂದ ಮುಂದೋಳಿನವರೆಗೆ ಕೈಯ ಹಿಂಭಾಗದ ಮೇಲೆ ಸ್ಕೇಲ್ ಇಡಬೇಕು. ಅದು ಸಮನಾಗಿ ಕೂತರೆ ಮಣಿಕಟ್ಟು ನೇರವಿದೆ. ಮಣಿಕಟ್ಟಿನ ಹತ್ತಿರ ಗುಡ್ಡ ಎದ್ದು ಸ್ಕೇಲ್ ತೂಗಾಡಿದರೆ ಮುಷ್ಟಿ ಕೆಳಗೆ ಬಾಗಿದೆ. ನಡುವೆ ಹೆಚ್ಚು ಸಂದು ಕಂಡರೆ ಮೇಲಕ್ಕೆ ಎತ್ತಿದೆ. ಇದು ಮೇಲೆ-ಕೆಳಗಿನ ಲೆಕ್ಕವಾಯಿತು. ಅಕ್ಕಪಕ್ಕದ ಲೆಕ್ಕ ನೋಡಲು ಮೇಲಿನಿಂದ ಕಣ್ಣು ಹಾಯಿಸಬೇಕು. ನಡುಬೆರಳಿನ ಗೆಣ್ಣು ಮುಂದೋಳಿನ ನಡುಗೆರೆಯ ಮುಂದುವರಿಕೆಯಂತೆ ಕಾಣಬೇಕು. ನನ್ನ ಮುಷ್ಟಿ ಎರಡೂ ಕಡೆ ಸೊಟ್ಟಗಿತ್ತು. ಎರಡು ವರ್ಷದಿಂದ ಹಾಗೇ ಗುದ್ದುತ್ತಿದ್ದೆ.

ಮೂರನೆಯದು ಗೋಡೆ ಪರೀಕ್ಷೆ. ಗುದ್ದುವುದಲ್ಲ, ಒತ್ತುವುದು. ಮಡಚಿದ ಟವೆಲ್ ಒಂದನ್ನು ಗೋಡೆಗೆ ಹಿಡಿದು, ಅದರ ಮೇಲೆ ಮುಷ್ಟಿ ಇಟ್ಟು, ಮೈಭಾರವನ್ನು ನಿಧಾನವಾಗಿ ಹಾಕಬೇಕು. ಭಾರ ಯಾವ ಗೆಣ್ಣಿಗೆ ಬೀಳುತ್ತಿದೆ, ಮಣಿಕಟ್ಟು ಯಾವ ಕಡೆ ಕುಸಿಯಲು ನೋಡುತ್ತಿದೆ ಎಂದು ಆಗ ಕೈಗೇ ತಿಳಿಯುತ್ತದೆ. ನೋವಾದರೆ ಅಲ್ಲಿಗೇ ನಿಲ್ಲಿಸಬೇಕು.

ತಪ್ಪು ಎಲ್ಲಾಗುತ್ತದೆ?

ನಿಂತಲ್ಲಿ ಮುಷ್ಟಿ ನೇರ ಹಿಡಿಯುವುದು ಎಲ್ಲರಿಗೂ ಬರುತ್ತದೆ. ತಪ್ಪುವುದು ಗುದ್ದು ತಾಗುವ ಗಳಿಗೆಯಲ್ಲಿ. ನಾನು ನನ್ನ ಮತ್ತು ಜೊತೆಯವರ ಅಭ್ಯಾಸದ ವಿಡಿಯೊ ನಿಧಾನಗತಿಯಲ್ಲಿ ನೋಡಿ ಕಂಡುಕೊಂಡಿದ್ದು ಇಷ್ಟು.

ಮೊದಲನೆಯದು ದೂರ. ಬ್ಯಾಗ್ ದೂರವಿದ್ದರೆ ಕೈ ಪೂರ್ತಿ ಚಾಚಿ, ಕೊನೆಗೆ ಮುಷ್ಟಿಯನ್ನು ಎಟುಕಿಸಲು ಮಣಿಕಟ್ಟು ಬಾಗುತ್ತದೆ. ಕೈ ಚಾಚುವ ಬದಲು ಕಾಲು ಮುಂದಿಡಬೇಕು. ಎರಡನೆಯದು ಎತ್ತರ. ನಮ್ಮ ಭುಜಕ್ಕಿಂತ ಕೆಳಗಿನ ಜಾಗಕ್ಕೆ ನಿಂತಲ್ಲೇ ಗುದ್ದಿದರೆ ಮುಷ್ಟಿ ಕೆಳಗೆ ತೂಗುತ್ತದೆ. ಹೊಟ್ಟೆಯ ಎತ್ತರಕ್ಕೆ ಹೊಡೆಯಬೇಕಾದರೆ ಮೊಣಕಾಲು ಮಡಚಿ ಭುಜವನ್ನೇ ಇಳಿಸಬೇಕು.

ಮೂರನೆಯದು ತೂಗುವ ಬ್ಯಾಗ್. ಅದು ನಮ್ಮ ಕಡೆ ಬರುತ್ತಿರುವಾಗ, ಅದರ ಅಂಚಿಗೆ ಗುದ್ದು ಬಿದ್ದರೆ ಮುಷ್ಟಿ ಜಾರಿ ಮಣಿಕಟ್ಟು ತಿರುಚುತ್ತದೆ. ನನಗೆ ಆಗಿದ್ದು ಇದೇ. ಬ್ಯಾಗಿನ ನಡುಗೆರೆಗೆ ಗುದ್ದಬೇಕು, ಅದು ಅತಿಯಾಗಿ ತೂಗಿದರೆ ಹಿಡಿದು ನಿಲ್ಲಿಸಬೇಕು. ನಾಲ್ಕನೆಯದು ಹುಕ್. ಪಕ್ಕದಿಂದ ಬರುವ ಈ ಗುದ್ದಿನಲ್ಲಿ ಮೊಣಕೈ ಕೆಳಗೆ ಉಳಿದು ಮುಷ್ಟಿ ಮಾತ್ರ ಮೇಲೆ ಹೋದರೆ ಮಣಿಕಟ್ಟು ಒಂದು ಕಡೆಗೆ ಮುರಿದಂತಾಗುತ್ತದೆ. ಮುಷ್ಟಿ ಎಲ್ಲಿದೆಯೋ ಮೊಣಕೈ ಅದರ ಹಿಂದೆಯೇ ಇರಬೇಕು. ಜ್ಯಾಬ್, ಹುಕ್, ಅಪ್ಪರ್‌ಕಟ್ ಯಾವುದೇ ಇರಲಿ, ಗೆಣ್ಣು, ಮಣಿಕಟ್ಟು, ಮೊಣಕೈ ಮೂರೂ ಒಂದೇ ಗೆರೆಯಲ್ಲಿ.

ಐದನೆಯದು ದಣಿವು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಮೂರು ನಿಮಿಷದ ಮೂರು ಸುತ್ತು. ಮೂರನೇ ಸುತ್ತಿಗೆ ಬೆರಳು ಸಡಿಲವಾಗುತ್ತವೆ, ಸಡಿಲ ಮುಷ್ಟಿಯ ಹಿಂದೆ ಮಣಿಕಟ್ಟು ನಿಲ್ಲುವುದಿಲ್ಲ. ಹಾಗೆಂದು ಮೊದಲಿನಿಂದಲೇ ಕೈ ಬಿಗಿದುಕೊಂಡರೆ ಬೇಗ ದಣಿವು. ದಾರಿಯಲ್ಲಿ ಹಗುರ, ತಾಗುವ ಗಳಿಗೆಯಲ್ಲಿ ಬಿಗಿ. ಇದು ಒಂದು ದಿನದಲ್ಲಿ ಬರುವುದಿಲ್ಲ. ಮೊದಲ ಎರಡು ತಿಂಗಳು ಗಾಳಿಗೆ ಗುದ್ದಿಸಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

ಪಟ್ಟಿ ಔಷಧವಲ್ಲ

ಗ್ಲೌಸ್ ಹಾಕಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಇಂಗ್ಲೆಂಡಿನಲ್ಲಿ 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಗ್ಲೌಸ್ ಕಡ್ಡಾಯ ಮಾಡಿದವು. ಅದಕ್ಕೂ ಮುಂಚೆ ಬರಿಗೈ ಕಾಳಗ. ಗ್ಲೌಸಿನ ಮೆತ್ತೆ ಗೆಣ್ಣನ್ನು ಕಾಯುತ್ತದೆ. ಆದರೆ ಕೈಗೆ ನೋವು ಗೊತ್ತಾಗದ್ದರಿಂದ ನಾವು ಇನ್ನೂ ಜೋರಾಗಿ ಗುದ್ದುತ್ತೇವೆ. ಆ ಹೆಚ್ಚಿನ ಬಲ ಹೋಗುವುದು ಮಣಿಕಟ್ಟಿನ ಮೂಲಕವೇ.

ಮಣಿಕಟ್ಟಿಗೆ ನೆರವಾಗುವುದು ಒಳಗೆ ಸುತ್ತುವ ಬಟ್ಟೆಯ ಪಟ್ಟಿ. ಹವ್ಯಾಸಿ ಬಾಕ್ಸಿಂಗ್ ನಿಯಮದಲ್ಲಿ ಇದರ ಉದ್ದ 2.5ರಿಂದ 4.5 ಮೀಟರ್. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳುಗಳ ನಡುವೆ ಹಾಯಿಸಿ, ಹೆಬ್ಬೆರಳನ್ನು ಬಳಸಿ, ಕೊನೆಗೆ ಮತ್ತೆ ಮಣಿಕಟ್ಟಿಗೆ. ಸುತ್ತುವಾಗ ಬೆರಳು ಅಗಲಿಸಿರಬೇಕು, ಮಣಿಕಟ್ಟು ನೇರವಿರಬೇಕು. ಬಾಗಿದ ಮಣಿಕಟ್ಟಿಗೆ ಸುತ್ತಿದರೆ ಅದು ಬಾಗಿದಂತೆಯೇ ಕೂರುತ್ತದೆ. ಬೆರಳು ಜುಮ್ಮೆಂದರೆ, ಬಣ್ಣ ತಿರುಗಿದರೆ ಬಿಚ್ಚಿ ಸಡಿಲ ಸುತ್ತಬೇಕು. ಇಷ್ಟು ಮಾಡಿದರೂ ಪಟ್ಟಿ ನೇರ ಇದ್ದುದನ್ನು ನೇರ ಇಡಲು ನೆರವಾಗುತ್ತದೆ, ಅಷ್ಟೆ. ಸೊಟ್ಟಗಿನ ಗುದ್ದನ್ನು ನೇರ ಮಾಡುವುದಿಲ್ಲ.

ಉಳಿದ ಕೆಲಸ ಮುಂದೋಳಿನ ಸ್ನಾಯುಗಳದು. ವಿದೇಶದಲ್ಲಿ ಬಾಕ್ಸರ್‌ಗಳು ಅಕ್ಕಿ ತುಂಬಿದ ಬಕೆಟ್‌ನಲ್ಲಿ ಕೈಯಿಟ್ಟು ಬೆರಳು ಬಿಚ್ಚಿ ಮುಚ್ಚುತ್ತಾರೆ, ಮಣಿಕಟ್ಟು ತಿರುಗಿಸುತ್ತಾರೆ. ನಮ್ಮಲ್ಲಿ ಅಕ್ಕಿ ಯಾಕೆ? ಬಿಳಿಜೋಳ ಇದೆಯಲ್ಲ. ಅವ್ವನಿಗೆ ಕೇಳಿದೆ. ‘ಉಣ್ಣೂ ಕಾಳಿನ್ಯಾಗ ಆಟಾ?’ ಎಂದು ಬೈದಳು. ಮರುದಿನ ತಾನೇ ಹುಳ ಹಿಡಿದ ಹಳೆಯ ಜೋಳವನ್ನು ಬಕೆಟ್‌ಗೆ ಸುರಿದು ಕೊಟ್ಟಳು. ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ದಿನಾ ಐದು ನಿಮಿಷ ಅದರಲ್ಲಿ ಕೈಯಾಡಿಸಿದೆ. ದುಡ್ಡಿಲ್ಲದ ಜಿಮ್ ಅದು.

ವಿಜಯನಗರದ ರಿಂಗ್

ನಮ್ಮ ನಾಡಿಗೆ ಮುಷ್ಟಿ ಹೊಸದಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ವಜ್ರಮುಷ್ಟಿ ಕಾಳಗ ಆಡುತ್ತಾರೆ. ಬಾಕ್ಸಿಂಗ್ ಎಂದರೆ ಮಾತ್ರ ಹರಿಯಾಣ, ಮಣಿಪುರ ಎನ್ನುವುದು ರೂಢಿ. ಆದರೆ 2018ರಲ್ಲಿ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. 2021ರಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲಿಯೇ. ಆ ಸಲ 71 ಕೆ.ಜಿ. ವಿಭಾಗದ ಚಿನ್ನ ಗೆದ್ದ ನಿಶಾಂತ್ ದೇವ್ ಹುಟ್ಟಿದ್ದು ಹರಿಯಾಣದಲ್ಲಾದರೂ ಆಡಿದ್ದು ಕರ್ನಾಟಕದ ಪರ. ಮುಂದೆ 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಸ್ಪ್ಲಿಂಟ್ ಕಟ್ಟಿಕೊಂಡು ಕೂತ ದಿನಗಳಲ್ಲಿ ಅವರ ಪಂದ್ಯಗಳ ವಿಡಿಯೊ ನೋಡಿದೆ. ಮೊದಲೆಲ್ಲ ಯಾರಿಗೆ ಎಷ್ಟು ಪೆಟ್ಟು ಬಿತ್ತು ಎಂದು ನೋಡುತ್ತಿದ್ದೆ. ಈಗ ನಿಲ್ಲಿಸಿ ನಿಲ್ಲಿಸಿ, ಅವರ ಎಡಗೈ ತಾಗುವ ಗಳಿಗೆಯಲ್ಲಿ ಮಣಿಕಟ್ಟು ಹೇಗಿದೆ ಎಂದು ನೋಡಿದೆ. ಹಾಗೆ ನೋಡಿದರೆ ವಿಡಿಯೊ ಕೂಡ ಒಂದು ತರಗತಿ.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಎಷ್ಟೋ ಜನ ಸೇನೆ, ಪೊಲೀಸ್ ಕೆಲಸದ ಕನಸು ಇಟ್ಟುಕೊಂಡೇ ಮೈ ಬೆಳೆಸುತ್ತೇವೆ. ಅಗ್ನಿವೀರ್ ದೈಹಿಕ ಪರೀಕ್ಷೆಯಲ್ಲಿ ಕಂಬಿ ಹಿಡಿದು ಪುಲ್‌ಅಪ್ ತೆಗೆಯಬೇಕು, ಪೊಲೀಸ್ ನೇಮಕಾತಿಯಲ್ಲಿ ಗುಂಡು ಎಸೆಯಬೇಕು. ಎರಡಕ್ಕೂ ಬೇಕಾದ್ದು ಇದೇ ಮಣಿಕಟ್ಟು. ಯಾರಿಗೋ ತೋರಿಸಲು ಹೊಡೆದ ಒಂದು ಸೊಟ್ಟ ಗುದ್ದು ಆ ವರ್ಷದ ರ್‍ಯಾಲಿಯನ್ನೇ ತಪ್ಪಿಸಬಹುದು.

ಚೀಲ ಇಳಿಸಿದ ದಿನ

ಕೈ ಸರಿಯಾಗುವ ಹೊತ್ತಿಗೆ ಊರಿಗೆ ಹೋಗಿದ್ದೆ. ಸಂಜೆ ಹೊಲದ ಕಡೆ ಹೋದರೆ ಬೇವಿನ ಮರದ ಹತ್ತಿರ ಧಬ್ ಧಬ್ ಸದ್ದು. ಕಾಕಾನ ಮಗ ಬರಿಗೈಯಲ್ಲಿ ಚೀಲ ಗುದ್ದುತ್ತಿದ್ದ. ದೂರದಿಂದಲೇ ಕಂಡಿತು, ಒಂದೊಂದು ಗುದ್ದಿಗೂ ಅವನ ಮಣಿಕಟ್ಟು ಒಳಕ್ಕೆ ಮಡಚುತ್ತಿತ್ತು. ಥೇಟ್ ನನ್ನಂತೆಯೇ. ಅವನು ಯಾವ ವಿಡಿಯೊದಿಂದಲೂ ಕಲಿತದ್ದಲ್ಲ ಅದು, ನನ್ನಿಂದ ಕಲಿತದ್ದು. ‘ಹೆಂಗರ ಹಿಡಿ’ ಎಂದವನು ನಾನೇ ಅಲ್ಲವೇ?

‘ಕೈ ನೋಯ್ತದೇನೋ?’ ಎಂದೆ.

‘ಸ್ವಲ್ಪ. ಮುಂಜಾನಿ ಬೀಮ್ ಹೊಡಿಯೂವಾಗ ಹಿಡಿತದ. ನೋಯ್ಲಿಕ್ಕೇ ಬೇಕಲ್ಲಣ್ಣಾ, ಇಲ್ಲಂದ್ರ ಗಟ್ಟಿ ಹೆಂಗಾಗ್ತದ?’

ಆ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಇಬ್ಬರೂ ಸೇರಿ ಚೀಲ ಇಳಿಸಿದೆವು. ಎರಡು ವರ್ಷದ ಉಸುಕು ತಳದಲ್ಲಿ ಕೂತು ಕಲ್ಲಿನಂತಾಗಿತ್ತು. ಅದನ್ನು ಸುರಿದು ಹಳೆಯ ಸೀರೆ, ಲುಂಗಿ, ಅಂಗಿಗಳ ಚಿಂದಿಯನ್ನು ಒತ್ತಿ ತುಂಬಿದೆವು. ಸ್ನಾಯು ನೋಯುವುದು ಬೇರೆ, ಕೀಲು ನೋಯುವುದು ಬೇರೆ ಎಂದು ಅವನಿಗೆ ಹೇಳಿದೆ. ಮರುದಿನ ಬಾಗೇವಾಡಿಗೆ ಕರೆದುಕೊಂಡು ಹೋಗಿ ಡಾಕ್ಟರ್‌ಗೆ ಕೈ ತೋರಿಸಿದೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ, ಎರಡು ವಾರ ವಿಶ್ರಾಂತಿ ಸಾಕೆಂದರು. ವಾಪಸ್ ಬಂದ ಮೇಲೆ ಅವನ ಕೈಗೆ ನನ್ನ ಸ್ಟೀಲ್ ಸ್ಕೇಲ್ ಕೊಟ್ಟೆ.

ಈಗ ಮತ್ತೆ ಅಭ್ಯಾಸಕ್ಕೆ ಹೋಗುತ್ತಿದ್ದೇನೆ. ಗುದ್ದಿನ ಜೋರು ಮೊದಲಿಗಿಂತ ಕಡಿಮೆ ಎಂದು ನನಗೆ ಅನಿಸುತ್ತದೆ, ಆದರೆ ಬ್ಯಾಗಿನಿಂದ ಬರುವ ಸದ್ದು ಮೊದಲಿಗಿಂತ ದೊಡ್ಡದಿದೆ ಎಂದು ಜೊತೆಯವರು ಹೇಳುತ್ತಾರೆ. ಮುಂದಿನ ವರ್ಷದ ಆಯ್ಕೆಗೆ ನಿಲ್ಲುತ್ತೇನೆ. ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಕೈ ನೋಯುತ್ತಿದ್ದರೆ ಮಾತ್ರ ಅಂದೇ ಹೇಳುತ್ತೇನೆ: ಮೊದಲು ಕೋಚ್ ಸರ್‌ಗೆ, ಆಮೇಲೆ ಅಪ್ಪನಿಗೆ.